ಬಿಳಿ ಕುದುರೆಯ ಹಿಂಗಾಲು

ಬಾಗಲೂರಿನಲ್ಲಿ ನನ್ನ ಸೋದರಮಾವ ಮದುವೆ ಮೆರವಣಿಗೆಗೆಂದು ಬಿಳಿ ಹೆಣ್ಣುಕುದುರೆಯೊಂದನ್ನು ಸಾಕಿದ್ದಾನೆ. ಹೋದ ಮಳೆಗಾಲದಲ್ಲಿ ಅದು ಒಂದು ಹಿಂಗಾಲನ್ನು ಊರಿಯೂ ಊರದ ಹಾಗೆ ನಡೆಯತೊಡಗಿತು. ದೃಷ್ಟಿಯಾಗಿದೆ ಅಂತ ಮಾವ ಆ ಕಾಲಿಗೆ ಕರಿದಾರ ಕಟ್ಟಿದ. ಆ ವಾರವೇ ಕೃಷ್ಣಗಿರಿಯಲ್ಲಿ ಮೆರವಣಿಗೆಯಿತ್ತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಇಂಥದ್ದು ಕಿವಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ.

“ಮದ್ವೇಲಿ ಎಲ್ರೂ ನೋಡೋದು ಅದರ ಮುಖಾನ ಮಾವ. ದೃಷ್ಟಿ ಹಿಂಗಾಲಿಗೆ ಹೆಂಗೆ ಹೋಯ್ತು?”

“ಕಾಲೆತ್ತಿ ನೋಡ್ಲಾ, ನೀನೇ ಹೇಳು. ಬಾಯಿಗಿರೋ ಧೈರ್ಯ ಕೈಗೂ ಐತಾ ನೋಡ್ತೀನಿ.”

ಮಾವ ಕಾಲೆತ್ತಿ ಹಿಡಿದ. ನಾನು ಬಗ್ಗಿದೆ. ಮೂಗಿಗೆ ಕೊಳೆತ ವಾಸನೆ ರಪ್ಪನೆ ಬಡಿಯಿತು. ಗೊರಸೆಂದರೆ ಕಲ್ಲಿನಂಥದ್ದು ಎಂದುಕೊಂಡಿದ್ದೆ. ಅಡಿಯಲ್ಲಿ ನೋಡಿದರೆ, ನಡುವೆ ಮೂರು ಮೂಲೆಯ ರಬ್ಬರಿನಂಥ ಮೆತ್ತೆ, ಅದರ ಎರಡೂ ಬದಿಗೆ ಆಳದ ಸೀಳು. ಸೀಳಿನ ತುಂಬ ಕಪ್ಪು ಲೋಳೆ. ಬೆರಳು ತಾಕಿದ್ದೇ ತಡ, ಅಷ್ಟು ದೊಡ್ಡ ಮೈ ಅಡಿಯಿಂದ ಮುಡಿಯವರೆಗೆ ನಡುಗಿತು. ಆ ನಡುಕ ನನ್ನ ಮೊಣಕೈವರೆಗೂ ಬಂತು.

ಮಾವ ಕಾಲು ಕೆಳಗಿಳಿಸಿ ಹೊಸೂರಿನ ಪಶುವೈದ್ಯೆಗೆ ಫೋನ್ ಮಾಡಿದ.

ಆಕೆ ಬಂದವರೇ ಕುದುರೆಗಿಂತ ಮೊದಲು ನೆಲ ನೋಡಿದರು. “ಇದೇನಣ್ಣ ಹಾಸಿರೋದು?”

“ರೋಜಾ ಪಾಲಿಹೌಸ್‌ನೋರು ಎಸೆದಿದ್ದ ಕೋಕೋಪೀಟು ಮೇಡಂ. ಹಾಸಿಗೆ ಇದ್ದಂಗೆ ಮೆತ್ತಗೈತೆ!”

“ರೋಜಾ ಬೇರಿಗೆ ನೀರು ಹಿಡಿದಿಡೋ ತೆಂಗಿನ ನಾರಿನ ಪುಡಿ ಅದು. ಇಲ್ಲಿ ಗಂಜಲ ಹಿಡ್ಕೊಂಡಿದೆ. ಕಾಲು ಹಗಲೂ ರಾತ್ರಿ ಅದರಲ್ಲೇ ನೆನೀತಿದೆ. ಇನ್ನೂ ಆಳಕ್ಕೆ ಹೋದ್ರೆ ನಿಲ್ಲೋದೇ ಕಷ್ಟ.”

ಸೀಳನ್ನು ಕೆರೆದು ತೊಳೆದು, ಒಣಗಿಸಿ, ಔಷಧಿ ಹಚ್ಚುತ್ತಾ ಹೇಳಿದರು: ಹೆಜ್ಜೆ ಊರಿದಾಗ ಈ ಮೆತ್ತೆ ಅದುಮಿಕೊಳ್ಳುತ್ತದೆ, ಕಾಲಿನ ರಕ್ತ ಮೇಲಕ್ಕೇರಲು ಅದೂ ನೆರವಾಗುತ್ತದೆ.

“ಅದಕ್ಕೆ ಪುರಾವೆ?” ಎಂದೆ.

ಆಕೆ ನಕ್ಕು, ನನ್ನ ಬೆರಳುಗಳನ್ನು ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಗೆ ಒತ್ತಿದರು. “ಅದರ ವಾದ ಆಮೇಲೆ. ಮೊದಲು ಇದನ್ನ ಕೇಳು.” ಧಗ್, ಧಗ್, ಧಗ್. ಕುದುರೆ ಕದಲದೆ ನಿಂತಿತ್ತು, ಕಾಲಿನೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದ ಹಾಗಿತ್ತು. “ನಾಡಿ ಹಿಂಗೆ ಜೋರಾಗಿ ಬಡಿದ್ರೆ, ಗೊರಸು ಬಿಸಿಯಾಗಿದ್ರೆ, ಒಳಗೆ ಊತ ಅಂತ ಅರ್ಥ. ವಾಸಿಯಾದ ಕಾಲಲ್ಲಿ ಹುಡುಕಿದರೂ ಸಿಗೋದು ಕಷ್ಟ.”

ಕೃಷ್ಣಗಿರಿಯವರಿಗೆ ಬರಲ್ಲ ಎಂದು ಮಾವನೇ ಹೇಳಿದ. ನಾರಿನ ಪುಡಿಯನ್ನೆಲ್ಲ ಬಾಚಿ ಹೊರಗೆ ಹಾಕಿ, ಒಣ ಹುಲ್ಲು ಹಾಸಿದೆವು. ದಿನಾ ಬೆಳಿಗ್ಗೆ ಗೊರಸಿನ ಕೆಸರು ಕೆರೆಯುವುದು, ಮೂಸಿ ನೋಡುವುದು, ಒರೆಸುವುದು. ಈಗೀಗ ನಾನು ಹತ್ತಿರ ಹೋದರೆ ಕುದುರೆಯೇ ಆ ಕಾಲನ್ನೆತ್ತಿ ನನ್ನ ಅಂಗೈಯಲ್ಲಿಡುತ್ತದೆ.

ಮೊನ್ನೆ ಗಿಣ್ಣಿನ ಹಿಂದೆ ಬೆರಳಿಟ್ಟು ಕೂತಿದ್ದೆ.

“ಯಾಕ್ಲಾ, ಮಾತೇ ಇಲ್ಲ?” ಎಂದ ಮಾವ.

“ಸುಮ್ಕಿರು ಮಾವ,” ಎಂದೆ ಉಸಿರು ಬಿಗಿಹಿಡಿದು. “ಎಷ್ಟು ಹುಡುಕಿದ್ರೂ ಸಿಗ್ತಾನೇ ಇಲ್ಲ.”