ಇನ್ನು ನಾಲ್ಕು ಸ್ಟೇಷನ್

ಹಡಗಿನಿಂದ ಇಳಿದು ಊರು ನೋಡಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು: ಹಡಗಿನವರ ಬಸ್ಸಿನಲ್ಲೇ ಹೋಗಿ. ನಾನು ಹೋಗಲಿಲ್ಲ. ಸುಳ್ಯ-ಪುತ್ತೂರು ರೂಟಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನಿಗೆ ದಾರಿ ತೋರಿಸಲು ಇವರು ಯಾರು ಎಂಬ ಅಹಂಕಾರ. ಅದರ ಮನೆ ಹಾಳಾಗ!

ಆ ಪ್ರವಾಸ ನನ್ನ ಅಕ್ಕನಿಗಾಗಿ. ಅವಳು ಮದುವೆಯಾಗಲಿಲ್ಲ, ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು, ಈಗಲೂ ಅರಂತೋಡಿನ ನಮ್ಮ ಮನೆಯಲ್ಲೇ ಇರುವವಳು. ಅವಳಿಗೆ ಗ್ಲಾಕೊಮಾ. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಊದುಗೊಳವೆಯ ತೂತಿನಿಂದ ನೋಡಿದಷ್ಟು ಕಾಣುತ್ತಿತ್ತು, ಅದೂ ಮಬ್ಬುಮಬ್ಬಾಗಿ. ಹೋದದ್ದು ಬರುವುದಿಲ್ಲ, ಆಪರೇಷನ್ ಮಾಡಿದರೆ ಉಳಿದದ್ದು ಉಳಿಯಬಹುದು, ತಡ ಮಾಡಬೇಡಿ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಅಕ್ಕನಿಗೋ ಕಣ್ಣಿಗೆ ಕತ್ತರಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು.

"ಇದ್ದದ್ದೂ ಹೋದ್ರೆ ಎಂತ ಮಾಡುದು? ಒಮ್ಮೆ ಆ ದೊಡ್ಡ ಸುಬ್ರಹ್ಮಣ್ಯನನ್ನು ನೋಡಿ ಬರ್ತೇನೆ. ಮತ್ತೆ ನೀವು ಹೇಳಿದ ಹಾಗೆ ಆಗ್ಲಿ," ಎಂದಳು.

ದೊಡ್ಡ ಸುಬ್ರಹ್ಮಣ್ಯ ಎಂದರೆ ಮಲೇಷಿಯಾದವನು. ಕ್ವಾಲಾಲಂಪುರದ ಹೊರಗೆ ಒಂದು ಸುಣ್ಣಕಲ್ಲಿನ ಗುಡ್ಡದ ಮುಂದೆ, ಕೈಯಲ್ಲಿ ವೇಲಾಯುಧ ಹಿಡಿದು, ಬಂಗಾರದ ಬಣ್ಣದಲ್ಲಿ ಆಕಾಶದೆತ್ತರ ನಿಂತವನು. ತಿಂಗಳಿಗೊಮ್ಮೆ ಷಷ್ಠಿಗೆ ಕುಕ್ಕೆಗೆ ಹೋಗುವ ಅಕ್ಕನಿಗೆ ಅಲ್ಲಿ ಯಾರೋ ಮೊಬೈಲಿನಲ್ಲಿ ಅವನನ್ನು ತೋರಿಸಿದ್ದರು. ಕುಕ್ಕೆಯ ಗರ್ಭಗುಡಿಯೊಳಗೆ ಈಗೀಗ ಅವಳಿಗೆ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಷ್ಟು ದೊಡ್ಡವನಾದರೂ ಕಂಡಾನು ಎಂದು ಅವಳ ಆಸೆ. ಪುತ್ತೂರಿನ ಒಬ್ಬ ಟ್ರಾವೆಲ್ಸಿನವನು ಸಿಂಗಾಪುರದಿಂದ ಹಡಗಿನಲ್ಲಿ ಒಂದು ಗುಂಪನ್ನು ಕರೆದುಕೊಂಡು ಹೋಗುವವನಿದ್ದ. "ನೀವಿಬ್ಬರು ಹೋಗಿ ಬನ್ನಿ, ದನ ನಾನು ನೋಡ್ಕೊಳ್ತೇನೆ," ಎಂದಳು ನನ್ನ ಹೆಂಡತಿ.

ಹಡಗು ಮಲೇಷಿಯಾದ ಬಂದರಿಗೆ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಸಂಜೆ ನಾಲ್ಕಕ್ಕೆ ಹೊರಡುತ್ತದೆ, ಮೂರೂವರೆಗೆ ಒಳಗಿರಬೇಕು. ಬಂದರಿನಿಂದ ನಗರ ದೂರ. ಹಡಗಿನವರ ಬಸ್ಸು ಅವಳಿ ಗೋಪುರ, ಅರಮನೆ, ಚಾಕಲೇಟ್ ಅಂಗಡಿ ಎಲ್ಲ ಸುತ್ತಿಸಿ ಸುಬ್ರಹ್ಮಣ್ಯನಿಗೆ ಕೊಡುವುದು ಬರೀ ಇಪ್ಪತ್ತು ನಿಮಿಷ. ಅಕ್ಕನ ಕಣ್ಣು ಬಿಸಿಲಿಗೆ ಹೊಂದಿಕೊಳ್ಳಲಿಕ್ಕೇ ಅಷ್ಟು ಹೊತ್ತು ಬೇಕು. ನನಗೆ ಸಿಟ್ಟು ನೆತ್ತಿಗೇರಿತು. ನಾವೇ ಹೋಗುತ್ತೇವೆ, ಅವಳು ಕಣ್ಣು ತುಂಬ ನೋಡಲಿ ಎಂದೆ.

ನಮ್ಮ ಗುಂಪಿನಲ್ಲಿ ಪುತ್ತೂರಿನ ಒಬ್ಬ ಟೀಚರಿದ್ದರು. "ಸುಮ್ನೆ ನಮ್ಮೊಟ್ಟಿಗೆ ಬನ್ನಿ ಮಾರಾಯ್ರೆ. ಗುರ್ತ ಇಲ್ಲದ ಊರು," ಎಂದರು.

"ಜಾಲ್ಸೂರಿನಲ್ಲಿ ಇಳಿದು ಕಾಸರಗೋಡಿಗೆ ಬಸ್ಸು ಹಿಡಿದ ಹಾಗೆ, ಅಷ್ಟೇ ಟೀಚರೇ," ಎಂದೆ ನಾನು. ದೊಡ್ಡ ಮನುಷ್ಯ!

ಟ್ಯಾಕ್ಸಿಯಲ್ಲಿ ರೈಲು ಸ್ಟೇಷನ್ನಿಗೆ ಹೋದಾಗ ರೈಲು ಆಗಷ್ಟೇ ಬಿಟ್ಟಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ. ಅದು ಬಂದು, ದಾರಿಯಲ್ಲಿ ಎರಡು ಕಡೆ ಸುಮ್ಮನೆ ನಿಂತು, ನಗರ ಮುಟ್ಟುವಾಗ ಹನ್ನೆರಡು ದಾಟಿತ್ತು. ಅಲ್ಲಿ ಇನ್ನೊಂದು ರೈಲಿಗೆ ಹತ್ತಬೇಕು. ಕೆಳಗಿಳಿಯುವ ಚಲಿಸುವ ಮೆಟ್ಟಿಲಿನ ತುದಿಯಲ್ಲಿ ಅಕ್ಕ ನಿಂತುಬಿಟ್ಟಳು. ಮೆಟ್ಟಿಲಿನ ಅಂಚು ಅವಳಿಗೆ ಕಾಣುವುದಿಲ್ಲ. ಮಗುವಿನ ಹಾಗೆ ನನ್ನ ಅಂಗಿ ಹಿಡಿದುಕೊಂಡಳು. ಲಿಫ್ಟು ಹುಡುಕಿ ಇಳಿಯುವಷ್ಟರಲ್ಲಿ ಆ ರೈಲೂ ಹೋಯಿತು. ಮತ್ತೆ ಒಂದು ಗಂಟೆ. ಅಕ್ಕ ಬೆಂಚಿನಲ್ಲಿ ಕೂತು ಸೆರಗಿನಿಂದ ಕನ್ನಡಕ ಒರೆಸಿದಳು, ಪುನಃ ಒರೆಸಿದಳು.

ಕೊನೆಗೂ ರೈಲು ಹತ್ತಿದೆವು. "ಇನ್ನು ಎಷ್ಟು ಸ್ಟೇಷನ್ ಉಂಟು?" ಎಂದು ಕೇಳಿದಳು. ಬಾಗಿಲ ಮೇಲಿನ ಪಟ್ಟಿ ನೋಡಿ "ನಾಲ್ಕು" ಎಂದೆ. ಆಮೇಲೆ ಗಡಿಯಾರ ನೋಡಿದೆ. ಒಂದೂವರೆ. ಮೂರೂವರೆಗೆ ಹಡಗಿನೊಳಗಿರಬೇಕು.

ನಮ್ಮ ಕಡೆ ಗುಡ್ಡದ ಮೇಲಿನ ಮನೆಯಿಂದ ಯಾರಾದರೂ ಕೊಡೆ ಬೀಸಿ ಓಡಿ ಬರುವುದು ಕಂಡರೆ ಬಸ್ಸು ನಿಲ್ಲುತ್ತದೆ. ನಾನೇ ಎಷ್ಟು ಸಲ ಡ್ರೈವರಿನ ಬೈಗುಳ ತಿಂದು ನಿಲ್ಲಿಸಿದ್ದೇನೆ! ಆದರೆ ಆ ಹಡಗಿನಲ್ಲಿ ನನ್ನವರು ಯಾರಿದ್ದಾರೆ? ಕಣ್ಣು ಕಾಣದ ಅಕ್ಕನನ್ನು ಕಟ್ಟಿಕೊಂಡು ಪರದೇಶದಲ್ಲಿ ಉಳಿದರೆ ಗತಿಯೇನು? ಮುಂದಿನ ನಿಲ್ದಾಣದಲ್ಲಿ ಅವಳ ರಟ್ಟೆ ಹಿಡಿದು ಇಳಿಸಿದೆ. ಆ ಗಳಿಗೆಯಲ್ಲಿ ನಾನು ಹೆದರುಪುಕ್ಕಲನಾದೆ.

"ಬಂತಾ?" ಎಂದಳು ಅಕ್ಕ. ಮುಖ ಅರಳಿತ್ತು.

ಬರಲಿಲ್ಲ ಎನ್ನಲು ಬಾಯಿ ಬರಲಿಲ್ಲ. ದೂರದಲ್ಲಿ ಬೆಳ್ಳಗೆ ಗುಡ್ಡ ಮಾತ್ರ ಕಾಣುತ್ತಿತ್ತು. "ಹತ್ತಿರ ಹೋಗ್ಲಿಕ್ಕೆ ಹೊತ್ತಿಲ್ಲ ಅಕ್ಕ, ಇಲ್ಲಿಂದಲೇ ಕೈ ಮುಗಿ. ಅಲ್ಲಿ," ಎಂದು ಬೆರಳು ತೋರಿಸಿದೆ. ಅವಳು ನೋಡಿದ್ದು ಬೇರೆ ಕಡೆ. ಅಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಮೇಲೆ ಎತ್ತರದ ಒಂದು ಹಳದಿ ಕ್ರೇನು, ಬಿಸಿಲಿಗೆ ಹೊಳೆಯುತ್ತ.

"ಕಂಡಿತು! ಹಳದಿ ಹಳದಿ... ದೇವರೇ, ಎಷ್ಟು ಎತ್ತರ ಮಾರಾಯ! ಕೈಯಲ್ಲಿ ವೇಲಾಯುಧ ಅಲ್ವನಾ ಅದು?"

"ಹೂಂ," ಎಂದೆ.

ಅವಳು ಚಪ್ಪಲಿ ಕಳಚಿ, ಪ್ಲಾಟ್‌ಫಾರ್ಮಿನ ಮೇಲೆ ಹಣೆ ಹಚ್ಚಿ ಅಡ್ಡಬಿದ್ದಳು. ಕಣ್ಣಲ್ಲಿ ದಳದಳ ನೀರು.

ರೈಲು ಕಾಯದೆ ಟ್ಯಾಕ್ಸಿ ಮಾಡಿ ಮೂರೂಕಾಲಿಗೆ ಹಡಗು ಸೇರಿದೆವು. ನಾಲ್ಕಾದರೂ ಹಡಗು ಹೊರಡಲೇ ಇಲ್ಲ. ಅವರದ್ದೇ ಒಂದು ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದೆಯಂತೆ, ಅದು ಬರದೆ ಹಡಗು ಬಿಡುವುದಿಲ್ಲವಂತೆ. ಬಿಟ್ಟದ್ದು ಆರೂವರೆಗೆ. ನಾನು ಕಟಕಟೆ ಹಿಡಿದು ನಿಂತು ಆ ಮೂರು ಗಂಟೆಯನ್ನು ಅನುಭವಿಸಿದೆ, ಶತ್ರುವಿಗೂ ಬೇಡ. ಟೀಚರು ಆ ಬಸ್ಸಿನಿಂದ ಇಳಿದು ಬಂದವರೇ, "ಎಂತಾ ದರ್ಶನ ಆಯ್ತು ಗೊತ್ತುಂಟಾ? ನಿಮಗೂ ಆಯ್ತಲ್ಲ?" ಎಂದು ಕೇಳಿದರು. "ಆಯ್ತು ಟೀಚರೇ, ತಮ್ಮ ತೋರಿಸಿದ," ಎಂದಳು ಅಕ್ಕ.

ಊರಿಗೆ ಬಂದು ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದೆ. ಅಕ್ಕ ಖಡಾಖಂಡಿತವಾಗಿ ಬೇಡ ಎಂದಳು. "ನೋಡ್ಬೇಕಾದದ್ದು ನೋಡಿ ಆಯ್ತು. ಇನ್ನು ಕತ್ತರಿ ಯಾಕೆ? ಇದ್ದರೆಷ್ಟು, ಹೋದರೆಷ್ಟು?" ನನ್ನ ಹೆಂಡತಿ ಬೈದಳು, ಬೇಡಿಕೊಂಡಳು. ಅಕ್ಕನದ್ದು ಒಂದೇ ಹಟ. ನೀನು ಇನ್ನೂ ಅವನನ್ನು ನೋಡಲಿಲ್ಲ ಎಂದು ನಾನೊಬ್ಬ ಹೇಳಿದ್ದರೆ ಅವಳು ಕಣ್ಣು ಉಳಿಸಿಕೊಳ್ಳಲು ಒಪ್ಪುತ್ತಿದ್ದಳು. ಅದು ನನಗೆ ಗೊತ್ತಿತ್ತು. ಹೇಳಬೇಕೆಂದು ಅವಳ ಬಳಿ ಹೋಗಿ ಕೂರುತ್ತಿದ್ದೆ. ಅವಳು ನೆರೆಮನೆಯವರಿಗೆ ಬಂಗಾರದ ಸುಬ್ರಹ್ಮಣ್ಯನನ್ನು ವರ್ಣಿಸುತ್ತಿದ್ದಳು. ನಾಳೆ ಹೇಳುವ ಎಂದು ಎದ್ದು ಬರುತ್ತಿದ್ದೆ. ಹೀಗೆ ಐದು ತಿಂಗಳು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಜಗಲಿಯಲ್ಲಿ ಕೂತು, "ಇನ್ನೂ ಬೆಳಕಾಗ್ಲಿಲ್ವಾ?" ಎಂದು ಕೇಳಿದಳು.

ಈಗ ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರು. ಮಂಗಳೂರಿನಿಂದ ಹಿಂದೆ ಬರುವಾಗ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ ಕೈ ತಡವಿ ನನ್ನ ತೋಳು ಹುಡುಕಿದಳು. "ಅಳ್ಬೇಡನಾ. ಕಣ್ಣಿರುವಾಗಲೇ ಅವನನ್ನು ತೋರಿಸಿದಿಯಲ್ಲ, ನನಗೆ ಅಷ್ಟು ಸಾಕು."

ಹೇಳಬೇಕಾದಾಗ ಹೇಳದ ಪಾಪಿ, ಬಾಯಿ ಮುಚ್ಚಿಕೊಂಡಿರಬೇಕಾದ ಆ ಗಳಿಗೆಯಲ್ಲಿ ಎಲ್ಲ ಹೇಳಿಬಿಟ್ಟೆ. ಮೂರು ಸ್ಟೇಷನ್ ಹಿಂದೆಯೇ ಇಳಿಸಿದ್ದು, ದೂರದ ಗುಡ್ಡ, ಅವಳು ಬೇರೆ ಕಡೆ ತಿರುಗಿದ್ದು. ಸುಳ್ಯದ ಬಸ್ಸು ಬಂತು, ಜನ ಹತ್ತಿದರು, ಹೋಯಿತು.

"ಹಾಗಾದ್ರೆ ನಾನು ಅಡ್ಡಬಿದ್ದದ್ದು ಎಂತದಕ್ಕೆ?" ಎಂದು ಕೇಳಿದಳು.

"ಒಂದು ಕ್ರೇನಿಗೆ ಅಕ್ಕ," ಎಂದೆ.