ಬಾಣಂತಿ ಬದು

ಮೊನ್ನೆ ಕುಪ್ಪಸಕ್ಕ ಗುಂಡಿ ಹಚ್ಚಾಕ ಸೂಜಿ ಹುಡುಕುವಾಗ ಅಲ್ಯುಮಿನಿಯಂ ಡಬ್ಬಿ ಕೈಗೆ ಸಿಕ್ತು. ಹೆಬ್ಬೆರಳಿನಷ್ಟು ಡಬ್ಬಿ, ತಿರುವಿ ಮುಚ್ಚೋ ಮುಚ್ಚಳ. ಮೊದಲು ಅದರಾಗ ಕ್ಯಾಮೆರಾದ ರೀಲು ಇತ್ತು. ಐವತ್ತು ವರ್ಷದಿಂದ ನನ್ನ ಸೂಜಿ ಅದರಾಗ ಅದಾವ. ಮುಚ್ಚಳ ತೆಗೆದ್ರ ಇನ್ನೂ ಒಂಥರಾ ಔಷಧದ ಘಾಟು ಬರ್ತದ. ಆ ಘಾಟು ಮೂಗಿಗೆ ಬಡಿದ್ರ ಸಾಕು, ಬ್ಯಾಂಕಿನ ಸಾಹೇಬ ನೆನಪಾಗ್ತಾನ, ಸಿಟ್ಟು ಏಳ್ತದ. ಎದುರಿಗೆ 'ರೀ' ಹಚ್ಚಿ ಮಾತಾಡಿಸ್ತಿದ್ದೆ. ಇಲ್ಲಿ ಬರೆಯುವಾಗ ಆ 'ರೀ' ಕೈಗೆ ಬರವಲ್ದು.

ಎಪ್ಪತ್ತನೇ ಇಸವಿಯ ಆಚೆ ಈಚೆ ಇರಬೇಕು. ಬಿಜಾಪುರ ಕಡೆಯಿಂದ ಬಂದ ನಾವು ಏಳೆಂಟು ಹೆಂಗಸರು ಮುಂಬೈದಾಗ ಘಾಟ್ಕೋಪರ್ ಸ್ಟೇಷನ್ನಿನ ಪೂರ್ವಕ್ಕ, ಸಮುದ್ರದ ನೀರು ಒಳಗ ಬರೋ ಖಾಡಿ ದಂಡಿಗಿದ್ದ ಉಪ್ಪಿನ ಆಗರದಾಗ ಬುಟ್ಟಿ ಹೊರ್ತಿದ್ವಿ. ಮಡಿ ಮಡಿಯಾಗಿ ಕಟ್ಟಿದ ಉಪ್ಪುನೀರು, ನಡುವ ಮಣ್ಣಿನ ಬದು. ಬ್ಯಾಸಗ್ಯಾಗ ಆ ಬದುವಿನ ಮ್ಯಾಲೆ ಕಡಲಹಕ್ಕಿ ಬಂದು ತತ್ತಿ ಇಡ್ತಿದ್ವು. ಕರೀ ನೆತ್ತಿ, ಹಳದೀ ಕೊಕ್ಕು, ಕತ್ತರಿಯಂಥ ಬಾಲ. ಗೂಡು ಅಂದ್ರ ಗೂಡಲ್ಲ, ಬಯಲಾಗ ಅಂಗೈಯಷ್ಟು ತಗ್ಗು. ಯಾವ ಬದುವಿನ ಮ್ಯಾಲೆ ತತ್ತಿ ಕಂಡ್ವೋ ಅದಕ್ಕ ನಾವು 'ಬಾಣಂತಿ ಬದು' ಅಂತಿದ್ವಿ. ಮರಿ ಓಡಾಡೋ ತನಕ ಅದರ ಮ್ಯಾಲೆ ಯಾರೂ ಕಾಲಿಡಂಗಿಲ್ಲ. ತಲಿ ಮ್ಯಾಲೆ ಬುಟ್ಟಿ ಇದ್ರೂ ಸುತ್ತು ಹಾಕಿ ಆಚೆ ಬದುವಿನಿಂದ ಹೋಗ್ಬೇಕು. ಕೂಲಿ ಕೆಲಸ ನೋಡ್ಕೊಳ್ಳೋ ಮುಕ್ಕಾದಮ ಬಾಯಿಗೆ ಬಂದಂಗ ಬೈತಿದ್ದ. ಬೈಕೋತ ಅವನೂ ಸುತ್ತು ಹಾಕಿ ಹೋಗ್ತಿದ್ದ.

ಸಾಹೇಬ ಧಾರವಾಡದಾಂವ, ಫೋರ್ಟಿನ ಯಾವುದೋ ಬ್ಯಾಂಕಿನಾಗ ನೌಕರಿ. ರವಿವಾರ ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು ಖಾಡಿ ಕಡೆ ಅಡ್ಡಾಡ್ತಿದ್ದ. ನಾವು ಅವನ ಕಡೆ ನೋಡ್ತಿರಲಿಲ್ಲ. ಒಂದಿನ ನಾನು ಯಾರಿಗೋ ಬೈಯೋದು ಕೇಳಿ ನಕ್ಕು, "ತಂಗಿ, ಯಾವೂರು ನಿಂದು?" ಅಂದ. ನಾನು ಮುಂಬೈಗೆ ಬಂದು ಆರು ವರ್ಷ ಆಗಿತ್ತು. ಪ್ಯಾಂಟು ಹಾಕಿದ ಒಬ್ಬ ಮನಷ್ಯಾನೂ ಅಲ್ಲಿ ತನಕ ನನ್ನನ್ನ ಕನ್ನಡದಾಗ ಮಾತಾಡಿಸಿರಲಿಲ್ಲ. 'ಏ ಬಾಯೀ' ಅನ್ನೋದಷ್ಟೇ ಕೇಳಿದ್ದೆ. ನನ್ನ ತಲಿ ಅಲ್ಲೇ ಕೆಟ್ಟಿತು. ಹಕ್ಕಿ ಮರಿ ಮಾಡ್ಯಾವೇನು ಅಂತ ಕೇಳಿದ. ಹಿಂದಿನ ದಿನವೇ ಎರಡು ತತ್ತಿ ಒಡೆದು ಮರಿ ಹೊರಗ ಬಂದಿದ್ವು. ಉಳಿದ ಹೆಂಗಸರು ಬ್ಯಾಡ ಅಂದ್ರು. ಇವರು ನಮ್ಮ ಕಡೆಯವರು, ಅಂಥವರಲ್ಲ ಅಂತ ನಾನೇ ಮುಂದಾಗಿ ಕರಕೊಂಡು ಹೋಗಿ ಬಾಣಂತಿ ಬದುವಿನ ಮ್ಯಾಲೆ ನಿಲ್ಲಿಸಿದೆ.

ಸಾಹೇಬ ಹೊಟ್ಟಿ ಮ್ಯಾಲೆ ಮಲಗಿ, ಮರಿಗಳಿಂದ ಒಂದು ಮೊಳ ದೂರದಾಗ ಕ್ಯಾಮೆರಾ ಹಿಡಿದ. ನಡು ಮಧ್ಯಾಹ್ನ. ಉಪ್ಪಿನ ಬೆಳಕು ಕಣ್ಣು ಕುಕ್ತಿತ್ತು. ತಾಯಿಹಕ್ಕಿ ಮ್ಯಾಲೆ ಚೀರಕೋತ ಸುತ್ತತಿತ್ತು. ಹೋಗಿ ನೀರಾಗ ಎದಿ ತೋಯಿಸ್ಕೊಂಡು ಬರೋದು, ಇಳಿಯಾಕ ಆಗದ ಮತ್ತ ಮ್ಯಾಲೆ ಏರೋದು. ಹನಿ ಸಾಹೇಬನ ಬೆನ್ನಿನ ಮ್ಯಾಲೆ ಬೀಳ್ತಿದ್ವು.

"ಏಳ್ರಿ ಸಾಹೇಬ್ರ, ಹಕ್ಕಿ ಕಾವಿಗೆ ಕೂಡಬೇಕು," ಅಂದೆ.

ಕ್ಯಾಮೆರಾದಿಂದ ಕಣ್ಣು ತೆಗೀದೇ ನಕ್ಕ. "ಇಂಥಾ ಬಿಸಲಾಗ ಕಾವು ಯಾತಕ್ಕವಾ? ಸೂರ್ಯ ಕೊಡಾಕತ್ತಾನಲ್ಲ."

ಹಕ್ಕಿ ಕೂತ್ರ ನಮ್ಮೂರಾಗ ಅದಕ್ಕ ಕಾವು ಅಂತಾರ, ನನಗ ಬ್ಯಾರೆ ಮಾತು ಗೊತ್ತಿರಲಿಲ್ಲ. ಆದ್ರ ಆಗರದಾಗ ಹಕ್ಕಿ ಕೂಡೋದು ಮರಿ ಬೆಚ್ಚಗಿರಲಿ ಅಂತಲ್ಲ, ಸುಡದಿರಲಿ ಅಂತ. ತೋಯ್ದ ಎದಿ ತಂದು ಮರಿ ಮ್ಯಾಲೆ ಒರಸ್ತದ, ರೆಕ್ಕಿ ಬಿಚ್ಚಿ ನೆರಳು ಹಿಡೀತದ. ದಿನಾ ನೋಡಿದಾಕಿ ನಾನು. 'ನೆರಳಿಗೆ ಕೂಡಬೇಕು' ಅಂದಿದ್ರ ಅವನಿಗೆ ತಿಳೀತಿತ್ತೋ ಏನೋ... ಅನ್ನಲಿಲ್ಲ. ಆದ್ರ ಚೀಲದಾಗ ಹಕ್ಕಿ ಪುಸ್ತಕ ಇಟ್ಕೊಂಡು ಬಂದಾಂವ, ಬೆನ್ನಿನ ಮ್ಯಾಲೆ ನೀರು ಬೀಳಾಕತ್ರೂ ಒಮ್ಮೆ ತಲಿ ಎತ್ತಿ ನೋಡಬಾರದೇನು?

ಇನ್ನೂ ಎರಡು ಸಲ ಏಳ್ರಿ ಅಂದೆ. ಐದು ನಿಮಿಷ, ಐದು ನಿಮಿಷ ಅಂತ ತಾಸಿನ ಮ್ಯಾಲೆ ಮಾಡಿದ. ಏಳೋ ಹೊತ್ತಿಗೆ ಮರಿಗಳ ಕುತ್ತಿಗಿ ಮಣ್ಣಿಗೆ ಬಿದ್ದಿದ್ವು. ಮಲಗ್ಯಾವ ಅಂದ. ಅಂಗಿ ಜಾಡಿಸ್ಕೊಂಡು, ರೀಲಿನ ಖಾಲಿ ಡಬ್ಬಿ ನನ್ನ ಕೈಗೆ ಕೊಟ್ಟು, ಖುಷಿಲೇ ಲೋಕಲ್ ಹಿಡಿಯಾಕ ಹೋದ.

ಹಕ್ಕಿ ಇಳೀತು. ಎದಿ ಒರಸ್ತು. ಮರಿ ಏಳಲಿಲ್ಲ. ಮರುದಿನಾನೂ ಕೊಕ್ಕಿನಾಗ ಸಣ್ಣ ಮೀನು ಹಿಡ್ಕೊಂಡು ಬಂದು ಆ ತಗ್ಗಿನ ಮುಂದ ನಿಂತಿತ್ತು...

ಹೆಂಗಸರು ನನ್ನ ಜೋಡಿ ಮಾತು ಬಿಟ್ರು. ಮುಕ್ಕಾದಮ ಮರಾಠಿಯಾಗ ಕುಟುಕಿದ, ಏನು, ನಿಮ್ಮ ಕಡೆಯವರು ಬಾಣಂತಿ ನೋಡಿ ಹೋದ್ರಂತ?

ದೀಪಾವಳಿ ಮುಂದ ಸಾಹೇಬ ಮತ್ತ ಬಂದ. ಪರೇಲಿನಾಗ ನಮ್ಮ ಕನ್ನಡ ಮಂದಿಯ ಸಂಘದ ಹಾಲಿನಾಗ ಫೋಟೋ ಪ್ರದರ್ಶನ, ನಿನ್ನ ಮರಿಗಳಿಗೆ ಮೊದಲ ಬಹುಮಾನ, ಬರಲೇಬೇಕು ಅಂದ. ಅವನಿಗೆ ಏನೂ ಗೊತ್ತೇ ಇಲ್ಲ ಅನ್ನೋದು ಆವಾಗ ತಿಳೀತು. ಹೋದೆ. ಕಿಟಕಿಯಷ್ಟು ದೊಡ್ಡ ಫೋಟೋ. ಎರಡು ಮರಿ, ಮ್ಯಾಲೆ ಮಾರಿ ಮಾಡಿ ಬಾಯಿ ಅಗಲ ತೆರೆದಾವ. ಹಸಿವಿಗೆ ತೆರೆದಾವ ಅಂತ ಎಲ್ಲರೂ ತಿಳಕೊಂಡಿದ್ರು. ಅವು ಸೆಕಿಗೆ ಏದುಸಿರು ಬಿಡ್ತಿದ್ವು. ಕೆಳಗ ಒಂದು ಚೀಟಿ. ನಾನು ಸಾಲ್ಯಾಗ ಎರಡನೇತ್ತ ಓದಿದಾಕಿ, ಅಕ್ಷರ ಅಕ್ಷರ ಕೂಡಿಸಿದೆ: 'ತಾಯಿಯ ದಾರಿ ಕಾಯುತ್ತ'. ಬಾಜೂಕ ರೇಷ್ಮಿ ಸೀರಿ ಉಟ್ಟಾಕಿ ಒಬ್ಬಾಕಿ ಕಣ್ಣು ಒರಸ್ಕೊಂಡ್ಲು.

"ಸುಳ್ಳು ಬರದೀರಿ ಸಾಹೇಬ್ರ," ಅಂದೆ, ಅಷ್ಟೂ ಮಂದಿ ಮುಂದ. "ಇವು ತಾಯಿ ದಾರಿ ಕಾಯ್ತಿರಲಿಲ್ಲ. ತಾಯಿ ನಿಮ್ಮ ತಲಿ ಮ್ಯಾಲೇ ಇತ್ತು. ನೀವು ಯಾವಾಗ ಏಳ್ತೀರಿ ಅಂತ ಕಾಯ್ತಿದ್ವು."

ಯಾರೋ ನನ್ನ ತೋಳು ಹಿಡಿದು, ಆ ಕಡೆ ಚಹಾ ಕೊಡಾಕತ್ತಾರ ಬಾ ಅಂದ್ರು. ಸಾಹೇಬನ ಮಾರಿ ಬಿಳಚಿತು. "ಎರಡೂ?" ಅಂದ, ನನಗಷ್ಟೇ ಕೇಳೋಹಂಗ. ಎರಡೂ ಅಂದೆ. ಚೀಟಿ ಕಿತ್ತು ಕಿಸೆದಾಗ ಇಟ್ಕೊಂಡ. ಫೋಟೋ ಇಳಿಸಲಿಲ್ಲ. ಬಹುಮಾನಾನೂ ತಗೊಂಡ.

ಮುಂದಿನ ಬ್ಯಾಸಗಿ ಒಂದು ರವಿವಾರ ಬರೀ ಕೈಲೆ ಬಂದಿದ್ದ. ಬದುವಿನ ತುದಿಗೆ ನಿಂತ, ಕಾಲಿಡಲಿಲ್ಲ. ನಾನು ಬುಟ್ಟಿ ಹೊತ್ತು ಹಕ್ಕಿಗೂ ಸುತ್ತು ಹಾಕಿದೆ, ಅವನಿಗೂ ಸುತ್ತು ಹಾಕಿದೆ. ಮಾತಾಡಿಸಬೇಕಿತ್ತು ಅಂತ ಈಗಲೂ ಅನಿಸಂಗಿಲ್ಲ.

ಸಾಹೇಬ ತೀರಿಹೋಗಿ ಭಾಳ ವರ್ಷ ಆತಂತ. ಆಗರಕ್ಕ ಮಣ್ಣು ಸುರಿದು ಬಿಲ್ಡಿಂಗ್ ಎಬ್ಬಿಸ್ಯಾರ. ಅಂಥದೇ ಒಂದು ಬಿಲ್ಡಿಂಗಿನ ನಾಲ್ಕನೇ ಮಾಳಿಗ್ಯಾಗ ಮಗಳ ಮನಿಯೊಳಗ ನಾನಿದೀನಿ. ಆ ಹಕ್ಕಿ ಇತ್ತ ಬರೋದು ಬಿಟ್ಟು ಎಷ್ಟೋ ಆತು. ಮೊಮ್ಮಗಳು ಅರ್ಧ ಹಿಂದಿ ಅರ್ಧ ಕನ್ನಡದಾಗ, ಅಜ್ಜಿ, ಅದು ನೋಡಾಕ ಹೆಂಗಿತ್ತು ಅಂತ ಕೇಳ್ತಾಳ. ಸಂಘದ ಹಾಲಿನಾಗ ಆ ಫೋಟೋ ಇನ್ನೂ ಅದ, ಕರಕೊಂಡು ಹೋಗಿ ತೋರಸು ಅಂತಾಳ ನನ್ನ ಮಗಳು. ಆಗರದ ಅಷ್ಟೂ ಹಕ್ಕಿಯೊಳಗ ಈಗ ಕಣ್ಣಿಗೆ ಕಾಣೋವು ಅವೆರಡೇ, ಸಾಯಾಕ ಬಿದ್ದವು. ಅವನ್ನ ನೋಡಿ ಹುಡುಗಿ ಮುದ್ದು ಅಂದ್ರ ನಾನೇನು ಹೇಳ್ಲಿ?

ಇನ್ನೂ ಕರಕೊಂಡು ಹೋಗಿಲ್ಲ.