ಇಲ್ಲದ ಪುಸ್ತಕದ ನೂರ ಹನ್ನೆರಡನೆಯ ಪುಟ

ನನ್ನ ಲೇಖನದ ಅಡಿಟಿಪ್ಪಣಿಯಲ್ಲಿರುವ ಪುಸ್ತಕ ಈ ಲೋಕದಲ್ಲಿಲ್ಲ. ಅದರ ನೂರ ಹನ್ನೆರಡನೆಯ ಪುಟವೂ ಇಲ್ಲ, ಅದನ್ನು ಬರೆದ ಇಂಗ್ಲಿಷ್ ದೊರೆಯೂ ಇಲ್ಲ — ಮೂರನ್ನೂ ಹುಟ್ಟಿಸಿದವನು ನಾನು. ಹದಿನಾಲ್ಕು ವರ್ಷ ಸುಮ್ಮನಿದ್ದೆ. ಕಳೆದ ವಾರ ಮದ್ರಾಸಿನ ಅಧ್ಯಾಪಕರೊಬ್ಬರು ಕಾಗದ ಬರೆದಿದ್ದಾರೆ. ತಮ್ಮ ಪ್ರಬಂಧದಲ್ಲಿ ಅವರೂ ಆ ಪುಟವನ್ನು ಉಲ್ಲೇಖಿಸಿದ್ದಾರಂತೆ. ಮೂಲ ಪುಸ್ತಕ ಎಲ್ಲಿ ಸಿಗುತ್ತದೆಂದು ಈಗ ಕೇಳುತ್ತಾರೆ. ಒಂದು ಸುಳ್ಳು ಹೀಗೆ ಊರು ಬಿಟ್ಟು ನಡೆಯಬಲ್ಲುದೆಂದು ನನಗೆ ಗೊತ್ತಿರಲಿಲ್ಲ.

ನಮ್ಮದು ಬೊಕ್ಕಪಟ್ಣದಲ್ಲಿ ಕಡಲಿಗೆ ಹೋಗುವ ಮನೆ. ಹೆಸರಿನ ಮುಂದೆ ಬಿ.ಎ. ಎಂದು ಬರೆದ ಮೊದಲನೆಯವನು ನಾನು — ಆ ಹೆಮ್ಮೆ ಇಂದಿಗೂ ಇದೆ, ಅಡಗಿಸುವುದಿಲ್ಲ. ಕಾಲೇಜಿನ ಪತ್ರಿಕೆಗೆ ಮೀನುಗಾರಿಕೆಯ ಕುರಿತು ಇಂಗ್ಲಿಷಿನಲ್ಲಿ ಲೇಖನ ಬರೆದಿದ್ದೆ. ಅದರ ಜೀವವೆಲ್ಲ ಒಂದೇ ಪ್ಯಾರಾದಲ್ಲಿತ್ತು: ಬೂತಾಯಿ ಮೀನಿನ ದೊಡ್ಡ ಹಿಂಡು ದಡದತ್ತ ಬರುವಾಗ ನೀರು ಎಣ್ಣೆ ಸವರಿದಂತೆ ನುಣುಪಾಗುತ್ತದೆ, ಆ ನುಣುಪಿನ ಅಂಚು ನೋಡಿ ಹಿಂಡು ಎತ್ತ ತಿರುಗುತ್ತದೆಂದು ಹೇಳಬಹುದು. ಇದನ್ನು ನನಗೆ ದಡದಲ್ಲಿ ನಿಲ್ಲಿಸಿ ತೋರಿಸಿದವಳು ನನ್ನ ದೊಡ್ಡಮ್ಮ ಸಂಕಮ್ಮ. ಬುಟ್ಟಿ ಹೊತ್ತು ಫಳ್ನೀರಿನ ಮನೆಮನೆಗೆ ಮೀನು ಮಾರುವವಳು.

ನಮ್ಮ ಪ್ರೊಫೆಸರರು ಅಡಿಟಿಪ್ಪಣಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಲೇಖಕ, ಪುಸ್ತಕ, ಪುಟ — ಕ್ರಮ ತಪ್ಪಬಾರದು. ಆ ಪ್ಯಾರಾದ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಮೂಲ ಯಾವುದು ಎಂದು ಕೇಳಿ ಹಿಂದಿರುಗಿಸಿದರು; ಆಧಾರವಿಲ್ಲದಿದ್ದರೆ ತೆಗೆಯಬೇಕೆಂದರು. ಮೀನು ಮಾರುವ ಹೆಂಗಸಿಗೆ ಯಾವ ಪುಟಸಂಖ್ಯೆ ಹಾಕುವುದು? ಅವರನ್ನೇ ಕೇಳಬಹುದಿತ್ತು. ಕೇಳಿದರೆ, ಅವಳು ನಿನಗೆ ಏನಾಗಬೇಕು ಎಂದಾರು — ಅಷ್ಟಕ್ಕೇ ಹೆದರಿದೆ. ಒಬ್ಬ ದೊರೆಯ ಹೆಸರು, ಒಂದು ಪುಸ್ತಕ, ಒಂದು ಪುಟ ಕಟ್ಟಿ ಅಡಿಟಿಪ್ಪಣಿ ಹಾಕಿದೆ. ಅಲ್ಪವಿರಾಮ ಸಹ ಸರಿಯಾದ ಜಾಗದಲ್ಲಿತ್ತು. ಪ್ರೊಫೆಸರರು ಮೆಚ್ಚಿದರು.

ಪತ್ರಿಕೆ ಅಚ್ಚಾಗಿ ಬಂದ ದಿನ ದೊಡ್ಡಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ನನ್ನ ಪಕ್ಕ ಕುಳಿತಳು.

"ನಾನು ಹೇಳಿದ್ದು ಎಲ್ಲಿ ಉಂಟು, ತೋರಿಸು."

ಪ್ಯಾರಾ ತೋರಿಸಿದೆ.

"ಹೇಳಿದ್ದು ನಾನು ಅಂತ ಎಲ್ಲಿ ಉಂಟು?"

ಅವಳ ಬೆರಳು ಹಿಡಿದು ಆ ದೊರೆಯ ಹೆಸರಿನ ಮೇಲಿಟ್ಟು, "ಇಲ್ಲಿ" ಎಂದೆ.

ಇದೇ ನನ್ನ ತಪ್ಪು. ಅಚ್ಚಾದ ಸುಳ್ಳು ಇದರ ಮುಂದೆ ಸಣ್ಣದು.

ಮರುದಿನ ಆ ಪತ್ರಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಫಳ್ನೀರಿಗೆ ಒಯ್ದು, ತನ್ನಿಂದ ಮೀನು ಕೊಳ್ಳುವ ಟೀಚರಮ್ಮನ ಕೈಯಲ್ಲಿ ಓದಿಸಿದಳು. ಮನೆಗೆ ಬಂದು ಬುಟ್ಟಿ ಇಳಿಸುತ್ತಲೇ ನನ್ನನ್ನು ಕೇಳಿದಳು:

"ಅಲ್ಲಿ ಯಾರೋ ದೊರೆಯ ಹೆಸರು ಉಂಟಂತಲ್ಲ. ಬಿ.ಎ. ಓದುವವನಿಗೆ ಬೆರಳಿಡುವ ಜಾಗ ತಪ್ಪಿತಾ ಮಾರಾಯ?"

ಅವಳಿಗೆ ಸಿಟ್ಟಿರಲಿಲ್ಲ, ಕುತೂಹಲವಿತ್ತು.

"ಇರಲಿ. ಆ ದೊರೆಗೆ ಇದನ್ನು ಯಾರು ಹೇಳಿದ್ದಂತೆ? ದಡದಲ್ಲಿ ಯಾವುದೋ ಹೆಂಗಸನ್ನು ಕೇಳಿರಬೇಕು ಅವ. ಅವಳ ಹೆಸರು ಬರೆದಿದ್ದಾನಾ ನೋಡು."

ನೋಡಿ ಹೇಳುತ್ತೇನೆಂದೆ. ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು, ಆ ಹೆಂಗಸಿನ ಹೆಸರು ಸಿಕ್ಕಿತಾ ಎಂದು. ಎಲ್ಲ ತಿಳಿದೇ ಕೇಳುತ್ತಿದ್ದಳೋ — ಹೇಳಲಾರೆ. ಮೂರು ವರ್ಷದ ಹಿಂದೆ ತೀರಿಕೊಂಡಳು.

ಇವತ್ತು ಮದ್ರಾಸಿಗೆ ಉತ್ತರ ಬರೆದೆ. ಆ ಪುಸ್ತಕ ಇಲ್ಲ, ದಯವಿಟ್ಟು ಆ ಟಿಪ್ಪಣಿ ಹೊಡೆದುಹಾಕಿ; ಅಲ್ಲಿ ಬೊಕ್ಕಪಟ್ಣದ ಸಂಕಮ್ಮ ಬಾಯಿಮಾತಿನಲ್ಲಿ ಹೇಳಿದ್ದು ಎಂದು ಹಾಕಿ. ಇದೇ ಮಾತನ್ನು ಕಾಲೇಜಿಗೂ ಬರೆದಿದ್ದೇನೆ. ಅವಳ ಹೆಸರು ಬರೆಯುತ್ತಿದ್ದಂತೆ ಒಂದು ಪ್ರಶ್ನೆ ಎದ್ದಿತು. ಸಂಕಮ್ಮನಿಗೆ ಇದನ್ನು ಕಲಿಸಿದವರು ಯಾರು? ಅವಳ ತಾಯಿಯೋ, ದಡದ ಇನ್ನೊಬ್ಬಳೋ, ತಾನೇ ನೋಡಿ ನೋಡಿ ಕಂಡುಕೊಂಡಳೋ? ಇಲ್ಲದ ದೊರೆಯ ಬಗ್ಗೆ ಅವಳು ಅಷ್ಟು ಸಲ ಕೇಳಿದಳು. ಎದುರಿಗಿದ್ದ ಅವಳನ್ನು ನಾನು ಒಂದು ಸಲವೂ ಕೇಳಲಿಲ್ಲ.